ಜಾಹೀರಾತಿಗೆ ಕೊಟ್ಟ ಮುಖ

ಇಳಕಲ್ಲಿನ ನಮ್ಮ ಮನೆಯ ಮಗ್ಗ ನಿಂತು ವರ್ಷಗಳಾದವು. ಈಗ ನಾನು ನೇಯುವವರಿಂದ ಸೀರೆ ಕೊಂಡು ಬಾದಾಮಿ, ಬಾಗಲಕೋಟೆಯ ಅಂಗಡಿಗಳಿಗೆ ಮಾರುತ್ತೇನೆ. ಅಲ್ಲಿಗೆಲ್ಲ ಓಡಾಡಲು ಒಂದು ಹಳೆಯ ಕಾರಿದೆ, ನಾನೇ ಓಡಿಸುತ್ತೇನೆ. ಹುನಗುಂದದ ಏಜೆಂಟರೊಬ್ಬರು ಪ್ರತಿವರ್ಷ ಅದರ ವಿಮೆ ಮಾಡಿಸಿಕೊಡುತ್ತಿದ್ದರು. ಒಂದು ವರ್ಷ ಅವರನ್ನು ಬಿಟ್ಟು, ಫೋನಿನಲ್ಲಿ ದಿನಬೆಳಗಾದರೆ ಕಾಣಿಸುತ್ತಿದ್ದ ಹೊಸ ಕಂಪನಿಗೆ ಹೋದೆ. ಅಗ್ಗವಾಗಿತ್ತು, ಅಷ್ಟೇ ಕಾರಣ.

ಅದೇ ವರ್ಷ ಅಮೀನಗಡದಲ್ಲಿ ಕರದಂಟು ಕೊಳ್ಳಲು ಕಾರು ನಿಲ್ಲಿಸಿದ್ದಾಗ, ಹಿಂದೆ ಸರಿಯುತ್ತಿದ್ದ ಟ್ರ್ಯಾಕ್ಟರೊಂದು ಬಾಗಿಲನ್ನು ಜಜ್ಜಿಹಾಕಿತು. ಕಂಪನಿಯವರು ತಕರಾರಿಲ್ಲದೆ ರಿಪೇರಿ ಖರ್ಚು ಕೊಟ್ಟರು. ಸ್ವಲ್ಪ ದಿನಕ್ಕೆ ಅವರ ಪ್ರಚಾರ ವಿಭಾಗದ ಅಧಿಕಾರಿ ಕ್ಯಾಮೆರಾದವರನ್ನು ಕರೆದುಕೊಂಡು ಮನೆಗೇ ಬಂದ. ಇಳಕಲ್ಲಿನದೇ ಟೋಪ್ ತೆನೆ ಸೆರಗಿನ ಸೀರೆ ಉಟ್ಟುಕೊಳ್ಳಲು ಹೇಳಿ, ನನ್ನನ್ನು ನಿಂತ ಮಗ್ಗದ ಮುಂದೆ ಕೂರಿಸಿದ.

"ನಿಮ್ಮ ಭಾಷೆಯಲ್ಲೇ ಹೇಳಿ ಮೇಡಂ. ಜನಕ್ಕೆ ನಂಬಿಕೆ ಬರಬೇಕು" ಎಂದ.

"ನಾ ಕಂಪನಿ ಬದಲ ಮಾಡೇನಿ, ಭಾಳ ಚಲೋ ಆಗೇತಿ. ನೀವೂ ಮಾಡ್ರಿ" ಎಂದೆ. ಆ ಹೊತ್ತಿಗೆ ಅದು ನಿಜವೇ ಆಗಿತ್ತು. ಒಂದು ಫ್ಲಾಸ್ಕ್ ಕೊಟ್ಟು, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು.

ವಿಡಿಯೊ ಎಲ್ಲರ ಫೋನಿಗೂ ಬಂತು. ಹುನಗುಂದದ ಬಸ್ ನಿಲ್ದಾಣದ ಎದುರು ನನ್ನ ಮುಖದ ದೊಡ್ಡ ಫಲಕ ಎದ್ದಿತು. ಅಂಗಡಿಯವರು ಕುರ್ಚಿ ಎಳೆದು ಕೂರಿಸಿ ಚಹಾ ತರಿಸುತ್ತಿದ್ದರು. ನನಗೂ ಹಿಗ್ಗು.

ವಿಮೆ ನವೀಕರಿಸುವ ವೇಳೆಗೆ ಕಂಪನಿ ದರವನ್ನು ಸಿಕ್ಕಾಪಟ್ಟೆ ಏರಿಸಿತು. ಕಲಾದಗಿಯಲ್ಲಿರುವ ತಂಗಿಯದೂ ಅಂಥದೇ ಕಾರು. ನನ್ನ ವಿಡಿಯೊ ನೋಡಿ ಆಗಷ್ಟೇ ಅದೇ ಕಂಪನಿ ಸೇರಿದ್ದಳು, ನನಗಿಂತ ಎಷ್ಟೋ ಕಡಿಮೆಗೆ. ನಾನು ಕಂಪನಿಗೆ ಫೋನ್ ಮಾಡಿದೆ.

"ಆ ದರ ಹೊಸ ಗ್ರಾಹಕರಿಗೆ ಮಾತ್ರ ಮೇಡಂ" ಎಂದಳು ಆ ಕಡೆಯ ಹುಡುಗಿ.

"ನಿಮ್ಮ ಜಾಹೀರಾತಿನ್ಯಾಗ ಇರಾಕಿ ನಾನಽ ಇದ್ದೇನ್ರಿ!"

ಅವಳು ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. "ಹಂಗಾರ ಬಿಟ್ಟು ಹೋಗ್ತೇನಿ" ಎಂದದ್ದೇ ತಡ, ಅಲ್ಲೇ ದರ ಇಳಿಸಿದಳು. ಹಣ ಉಳಿದದ್ದಕ್ಕೆ ನನಗೆ ಸಂತೋಷವಾಗಲಿಲ್ಲ, ಮೈ ಉರಿಯಿತು. ಸುಮ್ಮನೆ ಕಟ್ಟಿದ್ದರೆ ಸುಮ್ಮನೆ ತೆಗೆದುಕೊಳ್ಳುತ್ತಿದ್ದರು.

ಹೀಗಿರುವಾಗ ಬಾದಾಮಿಯಿಂದ ಒಬ್ಬ ನಮ್ಮ ಮನೆ ಹುಡುಕಿಕೊಂಡು ಬಂದ. ಪ್ರವಾಸಿಗರನ್ನು ಗುಹೆ, ದೇವಾಲಯಗಳಿಗೆ ಕರೆದೊಯ್ಯುವ ಟ್ಯಾಕ್ಸಿ ಅವನದು. ಪಟ್ಟದಕಲ್ಲಿನ ದಾರಿಯಲ್ಲಿ ಕುರಿಹಿಂಡು ಅಡ್ಡ ಬಂದು, ತಪ್ಪಿಸಲು ಹೋಗಿ ಮರಕ್ಕೆ ಗುದ್ದಿದ್ದ.

"ನಮ್ಮದು ಬೀರಪ್ಪನ ಒಕ್ಕಲರಿ, ಕುರಿ ಕಾಯೋ ಮನಿತನ. ಕುರಿ ಮ್ಯಾಲೆ ಹ್ಯಾಂಗ ಗಾಡಿ ಹಾಯಸ್ಲಿ?" ಎಂದ. ಕಾರಿನ ಮುಂಭಾಗ ನುಚ್ಚುನೂರಾಗಿತ್ತು. ನನ್ನ ವಿಮೆಯ ಅದೇ ಕಂಪನಿ ಒಂದು ಪೈಸೆಯನ್ನೂ ಕೊಡುವುದಿಲ್ಲ ಎಂದಿತ್ತು. ಹಿಂದಿನ ವರ್ಷ ಬೇರೆ ಕಂಪನಿಯಿಂದ ಪರಿಹಾರ ಪಡೆದದ್ದನ್ನು ಅವನು ಮುಚ್ಚಿಟ್ಟಿದ್ದನೆಂಬುದು ಅವರು ಕೊಟ್ಟ ಕಾರಣ.

"ಫೋನಿನ್ಯಾಗ ಖರೆನ ಹೇಳಿದ್ದೆನ್ರಿ ಅಕ್ಕಾರ. ಆದ್ರ ಅವರು ಕ್ಲೇಮ್ ಇಲ್ಲ ಅಂತ ಬರಕೊಂಡು ರೇಟ್ ಕಡಿಮಿ ತೋರಿಸ್ಯಾರ. ನಿಮ್ಮ ಮಾರಿ ನೋಡಿ ಬದಲ ಮಾಡೀನಿ, ನೀವಽ ಒಂದ್ ಮಾತು ಹೇಳ್ರಿ."

ಅವನ ಎದುರಿಗೇ ಪ್ರಚಾರದ ಅಧಿಕಾರಿಗೆ ಫೋನ್ ಮಾಡಿದೆ. ಕ್ಲೇಮು ತನ್ನ ವಿಭಾಗವಲ್ಲ ಎಂದ. ನಾನು ಬಿಡಲಿಲ್ಲ, ನನಗಿಂತ ತಂಗಿಗೆ ಕಡಿಮೆ ಏಕೆ ಎಂದೂ ಕೇಳಿದೆ.

"ಬೇಜಾರು ಮಾಡ್ಕೋಬೇಡಿ ಮೇಡಂ. ಹೊಸಬರಿಂದ ಮೊದಲ ವರ್ಷ ನಮಗೆ ನಷ್ಟವೇ. ಆಮೇಲೆ ದರ ನೋಡದೆ ಕಟ್ತಾರಲ್ಲ, ಅವರಿಂದಲೇ ಲಾಭ" ಎಂದ.

"ಮತ್ತ ನನಗ ಅಷ್ಟು ಲಗೂ ರೊಕ್ಕ ಯಾಕ ಕೊಟ್ರಿ?"

"ಸಣ್ಣ ಕ್ಲೇಮ್ ಮೇಡಂ. ಅಷ್ಟು ಖರ್ಚಿನಲ್ಲಿ ಒಳ್ಳೇ ಜಾಹೀರಾತು ಎಲ್ಲಿ ಸಿಗುತ್ತೆ?" ಅವನು ನಕ್ಕ. ಅವಮಾನ ಮಾಡಬೇಕೆಂದು ನಕ್ಕಿರಲಿಲ್ಲ, ಅದೇ ಹೆಚ್ಚು ನೋಯಿಸಿತು. ವಿಡಿಯೊ ತೆಗೆಯಿರಿ ಎಂದರೆ, ಸಹಿ ಹಾಕಿದ್ದೀರಲ್ಲ ಎಂದ.

ಚಾಲಕ ಬಾಗಲಕೋಟೆಯ ಗ್ರಾಹಕ ನ್ಯಾಯಾಲಯಕ್ಕೆ ಹೋದ. ನಾನು ಅವನ ಪರವಾಗಿ ಸಾಕ್ಷಿ ಹೇಳಿದೆ: ಈ ಕಂಪನಿಯನ್ನು ನಂಬಿ ಎಂದು ನನ್ನ ಬಾಯಿಂದ ಹೇಳಿಸಿದರು, ನಂಬಿದವನನ್ನು ಕೈಬಿಟ್ಟರು ಎಂದು. ಕಂಪನಿಯ ವಕೀಲರು ಫೋನು ತೆರೆದು ನನ್ನದೇ ವಿಡಿಯೊ ತೋರಿಸಿದರು. "ಭಾಳ ಚಲೋ ಆಗೇತಿ" ಎಂದು ನಾನು ಹಲ್ಲು ಕಿರಿಯುತ್ತಿದ್ದೆ. "ಇದು ನೀವೇ ತಾನೆ?" ಎಂದರು. ಹೌದು ಎನ್ನದೆ ಬೇರೆ ದಾರಿಯಿರಲಿಲ್ಲ.

ವಿಮೆ ಮಾಡಿಸುವಾಗಿನ ಫೋನ್ ಮಾತಿನ ಧ್ವನಿಮುದ್ರಣವನ್ನು ಕಂಪನಿ ಹಾಜರುಪಡಿಸಬೇಕೆಂದು ಚಾಲಕನ ವಕೀಲರು ಪಟ್ಟುಹಿಡಿದ ಮೇಲೆ ಅದು ರಾಜಿಗೆ ಬಂತು. ಅರ್ಧದಷ್ಟು ಕೊಡುತ್ತೇವೆಂದರು. ಗಾಡಿ ನಿಂತು ಅವನ ದುಡಿಮೆಯೇ ನಿಂತಿತ್ತು, ಒಪ್ಪಿಕೊಂಡ. ಧ್ವನಿಮುದ್ರಣ ಹೊರಗೆ ಬರಲೇ ಇಲ್ಲ. ನಾನು ಆ ಕಂಪನಿ ಬಿಟ್ಟೆ. ಬೇರೆಯವರನ್ನು ವಿಚಾರಿಸಿದರೆ ಎಲ್ಲರೂ ಹೊಸ ಗಿರಾಕಿಯೆಂದು ಬಾಯಿತುಂಬ ಕರೆದರು. ಬರುವ ವರ್ಷ ಅವರೇನು ಮಾಡುತ್ತಾರೆಂದು ಗೊತ್ತಿದ್ದೂ ಒಬ್ಬರಿಗೆ ಹಣ ಕಟ್ಟಿದೆ. ವಿಮೆಯಿಲ್ಲದೆ ಕಾರು ರಸ್ತೆಗಿಳಿಸುವಂತಿಲ್ಲ.

ಮೊನ್ನೆ ಬಾದಾಮಿಯ ಅಂಗಡಿಯೆದುರು ಆ ಚಾಲಕ ಸಿಕ್ಕ. ನನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. "ಅಕ್ಕಾರ, ಆ ವಿಡಿಯೊ ಇನ್ನೂ ಬರಾಕತ್ತೇತಿ ನೋಡ್ರಿ. ನಮ್ಮ ಅಳಿಯಾನೂ ನೋಡಿ ಬದಲ ಮಾಡ್ಲೇನು ಅಂತ ಕೇಳಾಕತ್ತಾನ" ಎಂದ.

"ನೀವೇನಂದ್ರಿ?"

"ಬ್ಯಾಡೋ ಅಂದೆ. ವಿಡಿಯೊದಾಗ ಅಕ್ಕಾರಽ ಹೇಳ್ಯಾರಲ್ಲ, ಅಂತಾನ."