ಸೋಫಾದಿಂದಲೇ ಊರು ಕಾಯುವವರು

ಸೋಫಾದ ಮೇಲೆ ಕಾಲು ಚಾಚಿ ಊರು ಕಾಯುವ ಗಂಡಂದಿರು ತ್ಯಾಗರಾಜನಗರದಲ್ಲಿ ಎಷ್ಟು ಮಂದಿ ಇದ್ದಾರೋ, ನಮ್ಮ ಮನೆಯಲ್ಲಂತೂ ಒಬ್ಬರಿದ್ದಾರೆ. ಮಗು ಮೆಟ್ಟಿಲ ಕಡೆ ಅಂಬೆಗಾಲಿಡುತ್ತಿದ್ದರೂ ಇವರು ಸೂಪರ್‌ಹೀರೋ ಆಗಿ ವಿಡಿಯೋ ಗೇಮಿನ ನಗರದ ಮೇಲೆ ಹಾರುತ್ತಿರುತ್ತಾರೆ. “ರೀ, ಮಗು ನೋಡ್ರೀ!” ಎಂದು ಕಿರುಚಿದರೆ, “ಒಂದ್ನಿಮಿಷ ಕಣೇ, ಬ್ಯಾಂಕ್ ದರೋಡೆ ಆಗ್ತಿದೆ” ಎನ್ನುತ್ತಾರೆ. “ಸಿಲಿಂಡರ್ ಎತ್ತಿದ್ರೆ ಸೊಂಟ ಹಿಡ್ಕೊಳ್ಳುತ್ತೆ, ಅಲ್ಲಿ ಬಸ್ ಎತ್ತುತ್ತೀರಾ?” ಎಂದು ಸಿಡಿಯುತ್ತೇನೆ. ಆದರೆ ಗೇಮಿನ ಆ ಬೀದಿಗಳ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದ ಆಂಬುಲೆನ್ಸ್ ಕಂಡರೆ ಸಾಕು, ಎದುರಿಗಿದ್ದ ಖಳನನ್ನೂ ಬಿಟ್ಟು ಅದನ್ನೆತ್ತಿ ಆಸ್ಪತ್ರೆ ಬಾಗಿಲಲ್ಲಿ ಮೆತ್ತಗೆ ಇಳಿಸುತ್ತಾರೆ. ಅದಕ್ಕೆ ಅಂಕವೂ ಇಲ್ಲವಂತೆ. ಕಡಲೆಕಾಯಿ ಪರಿಷೆಯ ಜಂಗುಳಿಯಲ್ಲಿ ನಮ್ಮ ಆಟೋ ಅಲುಗಾಡದೆ ನಿಂತಾಗ, ಜ್ವರದಿಂದ ಸೆಟೆದಿದ್ದ ಮಗುವನ್ನು ಎದೆಗವಚಿಕೊಂಡು “ದಾರಿ ಬಿಡ್ರೀ!” ಎಂದು ಕೂಗುತ್ತಾ ಆಸ್ಪತ್ರೆಗೆ ಓಡಿದವರೂ ಇವರೇ. ಸರಿ, ಒಪ್ಪಿದೆ, ಆದರೆ ಈ ಮೆಟ್ಟಿಲಿಗೆ ಗೇಟು ಯಾರು ಹಾಕಿಸುತ್ತಾರೆ?