ಉಲ್ಲೇಖಗಳ ಹಾಳೆ

ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಕಾಗದ ಬದಲಿಸೋಣವೆಂದು ಮೊನ್ನೆ ಕೈಹಾಕಿದೆ. ಕಾರ್ಬನ್ ಪ್ರತಿಗಳ ಒಂದು ಕಟ್ಟು ಸಿಕ್ಕಿತು. ಇಷ್ಟು ವರ್ಷಗಳಾದರೂ ಆ ಎಣ್ಣೆಮಸಿಯ ವಾಸನೆ ಹೋಗಿರಲಿಲ್ಲ. ವಾಸನೆಯ ಹಿಂದೆ ಮೇಷ್ಟ್ರು ನೆನಪಾದರು, ಅವರ ಹಿಂದೆಯೇ ನನ್ನ ಸಿಟ್ಟೂ ಬಂತು. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ನನಗಂತೂ ಇಳಿದಿಲ್ಲ.

ಆಗ ನಾನು ಹೊಳೆನರಸೀಪುರದ ಕಚೇರಿಯೊಂದರಲ್ಲಿ ಟೈಪಿಸ್ಟು. ಪಕ್ಕದ ಮನೆಯಲ್ಲಿದ್ದ ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ದಂಡಿಗನಹಳ್ಳಿ ಕಡೆಯ ಬೇಸಾಯದ ಮನೆಯಲ್ಲಿ ಹುಟ್ಟಿ, ಮೈಸೂರಿಗೆ ಹೋಗಿ ಓದಿ ಬಂದವರು. ತರಗತಿಯಲ್ಲಿ ಇಂಗ್ಲಿಷ್, ಮನೆಗೆ ಬಂದರೆ ಊರಿನ ಮಾತೇ. ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮೇಷ್ಟ್ರು ಅಂದರೆ ಅವರೇ... ಇಲ್ಲಿಯೂ ಹಾಗೇ ಇರಲಿ.

ರಾಗಿಗೆ ಬೆಂಕಿರೋಗ ಬಿದ್ದರೆ ಕಾಳು ಕಟ್ಟುವ ಮೊದಲೇ ತೆನೆ ಸುಟ್ಟಂತೆ ಒಣಗುತ್ತದೆ. ಚಿಕ್ಕಂದಿನಲ್ಲಿ ತಮ್ಮ ಹೊಲದಲ್ಲೇ ಅದನ್ನು ಕಂಡಿದ್ದ ಮೇಷ್ಟ್ರು ರಜೆ ಬಂದರೆ ಸಾಕು, ಸೈಕಲ್ ಹತ್ತಿ ಬಾಗೂರು, ಅರಕಲಗೂಡು ಅಂತ ಹೊಲ ಸುತ್ತುತ್ತಿದ್ದರು. ಅವರ ಅಂಗಳದ ತುಂಬ ಕುಂಡಗಳು, ಕುಂಡಗಳ ತುಂಬ ರೋಗ ಹತ್ತಿದ ಪೈರು. ಹಲವು ವರ್ಷ ಹೀಗೆ ಒದ್ದಾಡಿದ ಮೇಲೆ ಅವರಿಗೆ ಒಂದು ಸಂಗತಿ ಖಾತ್ರಿಯಾಯಿತು. ಬದುವಿನ ಮೇಲೆ ಬೆಳೆಯುವ ಒಂದು ಜಾತಿಯ ಹುಲ್ಲಿಗೂ ಇದೇ ರೋಗ ಬರುತ್ತದೆ, ಅಲ್ಲಿಂದ ರಾಗಿಗೆ ಹತ್ತುತ್ತದೆ. ಬಿತ್ತನೆಗೆ ಮುಂಚೆ ಆ ಹುಲ್ಲನ್ನು ಕಿತ್ತರೆ ಎಷ್ಟೋ ಪೈರು ಉಳಿಯುತ್ತದೆ. ಇದನ್ನು ಲೇಖನ ಮಾಡಿ ವಿಜ್ಞಾನದ ಪತ್ರಿಕೆಯಲ್ಲಿ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಬೇಕು ಎನ್ನುವುದೊಂದೇ ಅವರ ಆಸೆ. ಬೇರೆ ಯಾವ ಆಸೆಯನ್ನೂ ಅವರ ಬಾಯಲ್ಲಿ ನಾನು ಕೇಳಲಿಲ್ಲ.

ಟೈಪ್ ಮಾಡುವ ಕೆಲಸ ನನಗೆ ಬಂತು. ಲೇಖನವೇನೋ ಸಲೀಸಾಗಿ ಸಾಗಿತು. ತೊಡಕಾದದ್ದು ಕೊನೆಯ ಹಾಳೆ. ಯಾರ್ಯಾರು ಬರೆದದ್ದನ್ನು ಓದಿ ಆಧಾರವಾಗಿ ಇಟ್ಟುಕೊಂಡಿದ್ದೇವೆ ಎಂದು ಅಲ್ಲಿ ಪಟ್ಟಿ ಕೊಡಬೇಕಿತ್ತು. ಮೇಷ್ಟ್ರು ಎಲ್ಲರಿಗಿಂತ ಮೇಲೆ ಮೈಸೂರಿನ ತಮ್ಮ ಗುರುಗಳನ್ನು ಇಟ್ಟು, ಅವರ ಕೆಳಗೆ ಉಳಿದವರನ್ನು ಹಿರಿತನದ ಪ್ರಕಾರ ಕೂರಿಸಿದ್ದರು. ಒಬ್ಬೊಬ್ಬರ ಹೆಸರಿಗೂ ಮೊದಲು ಶ್ರೀ ಇತ್ತು.

"ಹೆಸರುಗಳು ಅಕಾರಾದಿಯಾಗಿ ಬರಬೇಕು ಅಂತ ಪತ್ರಿಕೆಯವರ ಸೂಚನೆ ಇದೆಯಲ್ಲ ಮೇಷ್ಟ್ರೇ" ಅಂದೆ.

"ಅಂಗ್ ಮಾಡುದ್ರೆ ನಮ್ ಗುರುಗಳು ಕೊನೇಗ್ ಓಯ್ತಾರೆ ಕಣಯ್ಯ. ಊಟದ ಪಂಕ್ತೀಲೂ ದೊಡ್ಡೋರ್ನ ಕೊನೇಲಿ ಕೂರ್ಸಾಕಿಲ್ಲ ನಾವು. ಇರ್ಲಿ, ಅಂಗೇ ಒಡಿ."

ಹಾಗೇ ಹೊಡೆದೆ. ತಿಂಗಳುಗಟ್ಟಲೆ ಕಾದ ಮೇಲೆ ಲೇಖನ ವಾಪಸು ಬಂತು. ಪಟ್ಟಿಯನ್ನು ಸೂಚನೆಯಂತೆ ಬರೆಯಿರಿ ಎಂದಿದ್ದರು. ಮೇಷ್ಟ್ರು ಒಲ್ಲದ ಮನಸ್ಸಿನಿಂದ ಗುರುಗಳನ್ನು ಕೆಳಗಿಳಿಸಿದರು. ಆದರೆ ಶ್ರೀ ತೆಗೆಯಲಿಲ್ಲ. ಬರಿಯ ಹೆಸರು ಬರೆಯುವುದೆಂದರೆ ಗುರುಗಳನ್ನು ಏಕವಚನದಲ್ಲಿ ಕೂಗಿದ ಹಾಗೆ ಅಂದರು. ಮತ್ತೆ ತಿಂಗಳುಗಳು, ಮತ್ತೆ ವಾಪಸು. ಈ ಸಲ ಶ್ರೀ ಬೇಡ ಎನ್ನುವುದರ ಜೊತೆಗೆ ಇನ್ನೊಂದು ಮಾತೂ ಸೇರಿತ್ತು. ಪ್ರತಿಯೊಂದಕ್ಕೂ ಸಂಪುಟ, ಪುಟಸಂಖ್ಯೆ ಬೇಕು. ಕಾಲೇಜಿನಲ್ಲಿ ಓದಿದ ವಿಷಯ ಅವರಿಗೆ ನೆನಪಿತ್ತು, ಪುಟ ಎಲ್ಲಿಂದ ನೆನಪಿರಬೇಕು? ನಮ್ಮೂರಿನಲ್ಲಿ ಆ ಪುಸ್ತಕಗಳ ಮುಖ ಕಂಡವರೇ ಇರಲಿಲ್ಲ.

ಅಂಥ ಹೊತ್ತಿಗೆ ಬೆಂಗಳೂರಿನಿಂದ ವ್ಯವಸಾಯ ಇಲಾಖೆಯ ಒಬ್ಬ ಅಧಿಕಾರಿ ಕ್ಯಾಂಪ್ ಬಂದು ಹಾಸನದ ಮುಸಾಫರಿ ಬಂಗಲೆಯಲ್ಲಿ ಇಳಿದ. ಬೆಳೆರೋಗದ ವಿಷಯದಲ್ಲಿ ಓದಿಕೊಂಡವನು ಎಂದು ಯಾರೋ ಹೇಳಿದರು. ಮೇಷ್ಟ್ರು ಕಂಕುಳಲ್ಲಿ ಲೇಖನ, ಕೈಯಲ್ಲಿ ನಿಂಬೆಹಣ್ಣು ಹಿಡಿದು ಹೊರಟರು. ನಾನೂ ಜೊತೆಗಿದ್ದೆ. ಅಧಿಕಾರಿ ಹಾಳೆಗಳನ್ನು ನಿಧಾನವಾಗಿ ಓದಿದ. ಬದುವಿನ ಹುಲ್ಲಿನ ಭಾಗವನ್ನು ಇನ್ನೊಮ್ಮೆ ಓದಿದ.

"ಬಿಟ್ಟುಹೋಗಿ ಮೇಷ್ಟ್ರೇ. ನಮ್ಮ ಲೈಬ್ರರಿಯಲ್ಲಿ ಎಲ್ಲಾ ಸಂಪುಟಗಳೂ ಇವೆ. ನಾನೇ ಪುಟ ನೋಡಿ ಹಾಕಿಸಿ ಕಳಿಸ್ತೀನಿ" ಅಂದ.

ಬರುವಾಗ ದಾರಿಯುದ್ದಕ್ಕೂ ಮೇಷ್ಟ್ರು ಅವನನ್ನು ಹೊಗಳಿದ್ದೇ ಹೊಗಳಿದ್ದು... ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಲೇಖನ ಮಾತ್ರ ಬರಲಿಲ್ಲ. ಎಷ್ಟೋ ಕಾಗದ ಬರೆದ ಮೇಲೆ ಬಂತು, ಎಲ್ಲ ಪುಟಸಂಖ್ಯೆಗಳನ್ನೂ ತುಂಬಿಸಿಕೊಂಡು ಒಪ್ಪವಾಗಿ. ಶ್ರೀ ತೆಗೆದು, ಆ ಕೊನೆಯ ಹಾಳೆಯೊಂದನ್ನೇ ಮತ್ತೆ ಟೈಪ್ ಮಾಡಿ ಪತ್ರಿಕೆಗೆ ಕಳಿಸಿದೆವು. ಅಲ್ಲಿಂದ ಬಂದ ಉತ್ತರವನ್ನು ಮೇಷ್ಟ್ರು ನನ್ನೆದುರಿಗೇ ಒಡೆದರು. ಬದುವಿನ ಹುಲ್ಲಿನ ವಿಷಯ ಈಗಾಗಲೇ ಇನ್ನೊಂದು ಪತ್ರಿಕೆಯಲ್ಲಿ ಅಚ್ಚಾಗಿದೆ; ನಿಮ್ಮ ಪಟ್ಟಿಯಲ್ಲಿ ಆ ಲೇಖನದ ಉಲ್ಲೇಖವಿಲ್ಲ; ಅದನ್ನು ಸೇರಿಸಿ ಕಳಿಸಿದರೆ ಪರಿಶೀಲಿಸುತ್ತೇವೆ ಎಂದಿತ್ತು. ಕೆಳಗೆ ಆ ಲೇಖನದ ವಿವರವಿತ್ತು. ಬರೆದವನು ಅದೇ ಅಧಿಕಾರಿ.

"ಇದು ಹಾಡುಹಗಲಿನ ಕಳ್ಳತನ ಮೇಷ್ಟ್ರೇ. ಬರೆದು ತಿಳಿಸೋಣ" ಅಂದೆ.

"ಏನಂತ ಬರೀತೀಯಾ? ತೋರ್ಸಾಕೆ ನನ್ ತಾವ ಅಚ್ಚಾಗಿರೋದು ಏನೈತೆ?" ಅವರು ಗೋಡೆ ಕಡೆ ತಿರುಗಿ ಕೂತರು. "ಅವ್ರು ಕೇಳಿದ್ನ ಸೇರ್ಸುದ್ರೆ ನಂದೂ ಅಚ್ಚಾಯ್ತದೇನೋ. ಆಳೆ ಆಕು."

ಮಿಷನ್ನಿಗೆ ಹಾಳೆ ಹಾಕಿದೆ. ಅವರೇ ಹೇಳುತ್ತಾ ಹೋದರು. ಹೆಸರು, ವರ್ಷ, ಶೀರ್ಷಿಕೆ, ಸಂಪುಟ, ಪುಟ. ಗುರುಗಳ ಹೆಸರಿನಿಂದ ಶ್ರೀ ತೆಗೆಸುವಾಗ ತಡೆತಡೆದು ಹೇಳಿದವರು ಈಗ ಎಲ್ಲೂ ತಡೆಯಲಿಲ್ಲ. ತಾವು ಕಂಡುಹಿಡಿದದ್ದನ್ನು ಇನ್ನೊಬ್ಬನಿಂದ ಕಲಿತೆ ಎಂದು ಅವರು ತಮ್ಮ ಬಾಯಿಂದಲೇ ಬರೆಸಿದರು. ಆ ಸಾಲನ್ನು ನಾನು ಕಚಕಚ ಕುಟ್ಟಿದೆ. ಆ ಪಟ್ಟಿಯಲ್ಲಿ ಯಾರೂ ತಪ್ಪು ಹುಡುಕದ ಸಾಲು ಅದೊಂದೇ.

ಅಷ್ಟು ಮಾಡಿದ್ದಕ್ಕಾದರೂ ಅಚ್ಚಾಯಿತೇ ಅಂದರೆ, ಇಲ್ಲ. ಯುದ್ಧದ ದೆಸೆಯಿಂದ ಕಾಗದದ ಅಭಾವ, ಲೇಖನದಲ್ಲಿ ಹೊಸ ವಿಷಯವೂ ಕಾಣುವುದಿಲ್ಲ, ಆದ್ದರಿಂದ ವಿಷಾದಿಸುತ್ತೇವೆ ಎಂದು ಬರೆದರು. ಹೊಸದು ಹಳತಾಗುವವರೆಗೆ ಕಾಯಿಸಿದವರು ಯಾರು ಎಂದು ಅವರ ಕೊರಳಪಟ್ಟಿ ಹಿಡಿದು ಕೇಳಬೇಕೆನಿಸಿತ್ತು ನನಗೆ.

ಅಂಗಳದ ಕುಂಡಗಳಲ್ಲಿ ಮೇಷ್ಟ್ರ ಹೆಂಡತಿ ದೊಡ್ಡಪತ್ರೆ ನೆಟ್ಟರು. ಸೈಕಲ್ಲು ಶಾಲೆಗೆ ಹೋಗಿಬರುವುದಕ್ಕಷ್ಟೇ ಆಯಿತು. ಯುದ್ಧ ಮುಗಿಯುವ ಮುಂಚೆಯೇ ಚಳಿಜ್ವರ ಬಂದು ಮೇಷ್ಟ್ರು ಹೋಗಿಬಿಟ್ಟರು.

ತಿಥಿ ಮುಗಿಸಿ ಊರಿಗೆ ಹೊರಡುವ ದಿನ ಆ ತಾಯಿ ಈ ಕಟ್ಟನ್ನು ಹಿಡಿದು ನನ್ನ ಮನೆ ಬಾಗಿಲಿಗೆ ಬಂದರು.

"ನಂಗೆ ಓದಾಕ್ ಬರಾಕಿಲ್ಲ ಕಣಪ್ಪ. ಅವ್ರ ಎಸ್ರಿರೋ ಆಳೆ ಯಾವ್ದು ಅಂತ ತೆಗ್ದ್ಕೊಡು. ದೇವ್ರ ಗೂಡಲ್ಲಿ ಮಡಿಕ್ಕತೀನಿ. ಮಿಕ್ಕಿದ್ದು ನಿನ್ ತಾವೇ ಇರ್ಲಿ."

ಗಂಡನ ಹೆಸರನ್ನು ಆಕೆ ಒಂದು ದಿನವೂ ಬಾಯಲ್ಲಿ ಆಡಿದವರಲ್ಲ. ನಾನು ಮೊದಲ ಹಾಳೆ ಬಿಡಿಸಿ, ಶೀರ್ಷಿಕೆಯ ಕೆಳಗಿದ್ದ ಹೆಸರನ್ನು ತೋರಿಸಿದೆ. ಅದರ ಮೇಲೆ ಬೆರಳಿಟ್ಟು, "ಇದೇನಾ?" ಅಂದರು. ಹೌದಮ್ಮ ಅಂದೆ. ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಈಗ ಆ ತಾಯಿಯೂ ಇಲ್ಲ, ಆ ಹಾಳೆ ಏನಾಯಿತೋ...

ಮೊನ್ನೆ ಕಟ್ಟು ಬಿಚ್ಚಿ ಉಳಿದ ಹಾಳೆಗಳನ್ನೆಲ್ಲ ತಿರುವಿದೆ. ಹುಲ್ಲು ಇದೆ, ಬದು ಇದೆ, ಬಾಗೂರಿನ ಹೊಲಗಳಿವೆ. ಮೇಷ್ಟ್ರ ಹೆಸರು ಎಲ್ಲೂ ಇಲ್ಲ. ಕೊನೆಯ ಹಾಳೆಯಲ್ಲಿ, ಅಕಾರಾದಿಯಲ್ಲಿ ಬರಬೇಕಾದ ಕಡೆಯಲ್ಲೇ, ಆ ಅಧಿಕಾರಿಯ ಹೆಸರಿದೆ. ನಾನೇ ಕುಟ್ಟಿದ್ದು. ಒಂದು ಅಕ್ಷರವೂ ಮಾಸಿಲ್ಲ.