ಮುಳ್ಳಿರುವೆಗೆ ಕಟ್ಟಿದ ಒಣ ಮನೆ

ನಮ್ಮ ಮನೆಯಲ್ಲಿ ಇವತ್ತು ಬೆಳಿಗ್ಗೆ ಕೂಸುಗಳು ಹುಟ್ಟಿವೆ. ಗೋಡೆಯ ಗೂಡಿನಲ್ಲಿ, ರೊಟ್ಟಿಯ ಡಬ್ಬಿಗೂ ನಮ್ಮವರ ಹಿತ್ತಾಳೆಯ ತಂಬಿಗೆಗೂ ನಡುವೆ ಇಟ್ಟಿರುವ ಗಾಜಿನ ಪೆಟ್ಟಿಗೆಯಲ್ಲಿ, ಮಾಸಲು ಹಾಲಿನ ಬಣ್ಣದ ಮೂರು ಇರುವೆಗಳು, ಬೆನ್ನ ಮೇಲೆ ಮುಳ್ಳು ಹೊತ್ತುಕೊಂಡೇ, ತಡವರಿಸುತ್ತ ಎದ್ದು ನಿಂತಿವೆ. ನಕ್ಕರೆ ನಗಿ. ನಾನಂತೂ ನಾಚಾರಂನ ನಮ್ಮ ಓಣಿಯ ತುಂಬ ಸಕ್ಕರೆ ಹಂಚಿ ಬಂದೆ. "ಎವರಿಕಿ ಪುಟ್ಟಿಂದಿ?" ಯಾರಿಗೆ ಕೂಸಾಯಿತು ಎಂದು ತೆಲುಗಿನ ನೆರೆಯವಳು ಕೇಳಿದರೆ, "ನಮ್ಮ ರಾಣಿಗೆ" ಎಂದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಸಂತೋಷ ಉಕ್ಕಿದಾಗ ಸಾಲು ಅತ್ತಿತ್ತ ಹೋಗುತ್ತದೆ, ಹೊಟ್ಟೆಗೆ ಹಾಕಿಕೊಳ್ಳಿ. ಈ ಮರಿಗಳು ಏಳದೇ ಹೋಗಿದ್ದರೆ ನಮ್ಮ ಮೊಮ್ಮಗಳು ರೇಣುಕಾ ತನ್ನ ಮುತ್ಯಾನ, ಅಂದರೆ ನನ್ನ ಗಂಡನ, ಪಕ್ಕದಲ್ಲಿ ಕೂತು ಇನ್ನೊಮ್ಮೆ ಉಣ್ಣುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.

ಈ ಇರುವೆಗಳ ಊರು ರಾಜಸ್ಥಾನದ ಮರಳುಗಾಡು. ಅಲ್ಲಿ ಸೋಲಾರ್ ಪ್ಲಾಂಟಿನ ಬುನಾದಿ ಹಾಕಲು ಹೋಗಿದ್ದ ನನ್ನ ಮಗ ಮಲ್ಲಪ್ಪ, ಕಲ್ಲಿನ ಅಡಿ ಸಿಕ್ಕ ರಾಣಿಯನ್ನೂ ಅವಳ ಸುತ್ತ ಇದ್ದ ಒಂದಿಷ್ಟು ಆಳುಗಳನ್ನೂ ಔಷಧದ ಖಾಲಿ ಸೀಸೆಯಲ್ಲಿ ತುಂಬಿ, ಮುಚ್ಚಳಕ್ಕೆ ಸೂಜಿಯಿಂದ ತೂತು ಹೊಡೆದು, ರೈಲಿನುದ್ದಕ್ಕೂ ಅಂಗಿಯ ಕಿಸೆಯಲ್ಲಿಟ್ಟು ತಂದಿದ್ದ. ಹುಳುಹುಪ್ಪಟೆ ಕಂಡರೆ ಊಟ ಮರೆಯುವ ಮಗಳಿಗೆ ಅದಕ್ಕಿಂತ ದೊಡ್ಡ ಒಡವೆ ಇನ್ನೇನಿತ್ತು? ಸೊಸೆ ಲಕ್ಷ್ಮಿ ಮೂಗು ಮುರಿದಳು. "ಮಂದಿ ಮಿಠಾಯಿ ತರ್ತಾರ, ನೀವು ಇರಿವಿ ತಂದೀರಿ."

"ಮಿಠಾಯಿ ತಂದಿದ್ರ ಇರಿವಿ ತಾವಽ ಬರ್ತಿದ್ದವು. ಈಗ ಇರಿವಿ ತಂದೀನಿ, ಮಿಠಾಯಿ ನೀ ಮಾಡು" ಎಂದ ಅವನು.

ರೇಣುಕಾ ಫೋನಿನಲ್ಲಿ ನೋಡಿ ಒಂದೊಂದೇ ಹೇಳುತ್ತಿದ್ದಳು. ಈ ಜಾತಿಯ ಇರುವೆ ತನ್ನ ಮರಿಯನ್ನು ಬಾಯಲ್ಲಿ ಹಿಡಿದು, ಆ ಮರಿಯ ಬಾಯಿಂದ ಬರುವ ನೂಲಿನಿಂದಲೇ ಮನೆಯ ಗೋಡೆ ನೇಯುತ್ತದಂತೆ. ಅದನ್ನು ಕೇಳಿ ನಾನು ಹಿಟ್ಟು ನಾದುವುದನ್ನು ನಿಲ್ಲಿಸಿಬಿಟ್ಟೆ. ಈ ತೆಲುಗು ಶಹರದ ಬೇಗಂಪೇಟೆಯಲ್ಲಿ ಕಚೇರಿಗಳ ಗೋಡೆ ಏಳುತ್ತಿದ್ದ ಕಾಲದಲ್ಲಿ ಯಾದಗಿರಿ ಸೀಮೆಯಿಂದ ಬಂದ ನಾವು ಗಂಡಹೆಂಡಿರು, ಅವರು ಗೌಂಡಿ, ನಾನು ಬುಟ್ಟಿ ಹೊರುವವಳು, ಮಲ್ಲಪ್ಪನನ್ನು ಸೊಂಟದ ಮೇಲೆ ಇಟ್ಟುಕೊಂಡೇ ಅಲ್ಲವೇ ಊರಿನವರ ಮನೆ ಕಟ್ಟಿದ್ದು? ಆ ಕೂಸು ನೂಲು ಕೊಡಲಿಲ್ಲ. ಆದರೆ ದೊಡ್ಡವನಾದ ಮೇಲೆ ತನ್ನ ಬೆವರನ್ನೆಲ್ಲ ಕೊಟ್ಟ.

ಮರುವರ್ಷದ ಬೇಸಿಗೆಯಲ್ಲಿ ಅವನು ಮತ್ತೆ ಅಲ್ಲಿಗೇ ಹೋದ. ಕಬ್ಬಿಣದ ಸಲಾಕೆ ಕಟ್ಟುತ್ತಿದ್ದವನು ಬಿಸಿಲು ಬಡಿದು ಬಿದ್ದ. ಆ ದಿನ ನೀರಿನ ಟ್ಯಾಂಕರ್ ಬಂದಿರಲಿಲ್ಲ ಎಂದು ಜೊತೆಗಿದ್ದವರು ಹೇಳಿದರು. ಅದಕ್ಕಿಂತ ಹೆಚ್ಚು ಬರೆಯಲು ನನ್ನ ಕೈ ಬರುವುದಿಲ್ಲ. ಇರುವೆಗಳು ಹುಟ್ಟಿ ಬೆಳೆದ ಬಿಸಿಲೇ ನನ್ನ ಮಗನನ್ನು ನುಂಗಿತು. ಮನೆಗೆ ಬಂದದ್ದು ಅವನ ಮೈ, ಉಳಿದದ್ದು ಅವನು ತಂದ ಸೀಸೆ. ಅಂದಿನಿಂದ ಹುಡುಗಿಗೆ ಆ ಸೀಸೆಯೇ ಅಪ್ಪ.

ಸೀಸೆ ಇಕ್ಕಟ್ಟಾಯಿತು, ಮನೆ ಕಟ್ಟಿಕೊಡು ಎಂದು ರೇಣುಕಾ ಮುತ್ಯಾನನ್ನು ಕೇಳಿದಳು. ಮಗ ಹೋದ ಮೇಲೆ ಕರಣೆ ಮುಟ್ಟದಿದ್ದ ನಮ್ಮವರು ಆ ದಿನ ಅದನ್ನು ಹುಡುಕಿ ತೆಗೆದರು. ಗಾಜಿನ ಪೆಟ್ಟಿಗೆಯಲ್ಲಿ ಛಾವಣಿಗೆ ಬಳಿಯುವ ಬಿಳಿ ಪಿಒಪಿ ಸುರಿದು, ಗಟ್ಟಿಯಾದ ಮೇಲೆ ಮೊಳೆಯಿಂದ ಕೆತ್ತಿ ಕೋಣೆ, ಓಣಿ, ಬಾಗಿಲು ಎಲ್ಲ ತೆಗೆದರು. ಎಂಥ ಚೆಂದದ ಮನೆ. ಆದರೆ ಗೌಂಡಿಯ ಕೈ ನೋಡಿ, ಕಟ್ಟಿದ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹೊಡೆಯದೆ ಅದಕ್ಕೆ ಸಮಾಧಾನವಿಲ್ಲ. ಉಣ್ಣಲು ಕೂತಾಗಲೆಲ್ಲ ತಂಬಿಗೆಯಲ್ಲಿ ಬೆರಳು ಅದ್ದಿ ಆ ಪುಟ್ಟ ಮನೆಗೆ ಚಿಮುಕಿಸುವರು, ಆಮೇಲೆಯೇ ತಮ್ಮ ತುತ್ತು. "ಅವು ಒಣ ಊರಿನ ಜೀವ, ಬಿಡ್ರಿ" ಎಂದರೆ, "ನೀರ ಹೊಡೀಲಾರದ ಗ್ವಾಡಿ ನಿಂದರತೈತೇನ? ಅವಕ್ಕೂ ಒಂದೀಟು ತಂಪಾಗ್ಲಿ" ಎನ್ನುವರು. ಅವರು ಚಿಮುಕಿಸುತ್ತಿದ್ದುದು ಗೋಡೆಗಷ್ಟೇ ಅಲ್ಲ ಎಂದು ನನಗೆ ತಿಳಿದಿತ್ತು. ತಿಳಿದಿದ್ದರಿಂದಲೇ ಕೈ ಹಿಡಿಯಲಾಗಲಿಲ್ಲ.

ಮಳೆಗಾಲ ಬಂತು. ಬಿಳಿ ಗೋಡೆಗೆ ಬೂಷ್ಟು ಹಿಡಿಯಿತು. ಆಳುಗಳು ಒಂದರ ಹಿಂದೆ ಒಂದು ಕಾಲು ಮಡಿಚಿ ಸತ್ತವು. ಹೆಣಗಳನ್ನು ಮೂಲೆಗೆ ಎಳೆದು ಗುಡ್ಡೆ ಹಾಕುತ್ತಿದ್ದವುಗಳೂ ಕೊನೆಗೆ ಅದೇ ಗುಡ್ಡೆ ಸೇರಿದವು. ರಾಣಿ ಒಬ್ಬಳೇ ಉಳಿದಳು. ರೇಣುಕಾ ಅವಳನ್ನು ಮತ್ತೆ ಸೀಸೆಗೆ ಹಾಕಿ, ಗೊತ್ತಿದ್ದೂ ಮುತ್ಯಾನನ್ನು ನೋಡಿ, "ಯಾರು ನೀರ ಹಾಕಿದ್ದು?" ಎಂದಳು.

"ನಾನಽ, ಅವ್ವಾ. ನೀರಡಿಸ್ಯಾವು ಅಂದ್ಕೊಂಡೆ."

"ಅವು ನೀರಡಿಸಿದ್ದಿಲ್ಲ ಮುತ್ಯಾ. ನೀರಡಿಸಿದ್ದು ಅಪ್ಪ."

ಹಾಗೆಂದು ತಾಟು ಎತ್ತಿಕೊಂಡು ಹೋಗಿ ಸೀಸೆಯ ಬಳಿ, ನಮಗೆ ಬೆನ್ನು ಮಾಡಿ ಕೂತಳು. ಅಂದಿನಿಂದ ಅವಳ ಊಟ ಅಲ್ಲೇ. ಮುತ್ಯಾನೊಂದಿಗೆ ಮಾತಿಲ್ಲ. ನಮ್ಮವರೂ ಊಟಕ್ಕೆ ಕೂತರೆ ತಂಬಿಗೆ ಮುಟ್ಟುವುದನ್ನು ಬಿಟ್ಟರು. ಒಣ ತುತ್ತು ಗಂಟಲಲ್ಲಿ ಇಳಿಯದೆ ಕೆಮ್ಮುವರು, ಆದರೂ ನೀರು ಬೇಡ.

ಕೂತು ಯೋಚಿಸುತ್ತೇನೆ. ಪರನಾಡಿನ ಜೀವವನ್ನು ತಂದು ಗಾಜಿನಲ್ಲಿ ಸಾಕುವುದು ಸರಿಯೋ ತಪ್ಪೋ, ಓದಿದವರು ಹೇಳಬೇಕು. ನಾನು ಕಂಡದ್ದಿಷ್ಟೇ: ನಮ್ಮ ನೀರಡಿಕೆಯನ್ನೇ ಅಳತೆ ಮಾಡಿಕೊಂಡು ಇನ್ನೊಂದು ಜೀವಕ್ಕೆ ನೀರೆರೆಯುತ್ತೇವೆ, ಅದು ಮುಳುಗುತ್ತಿರುವಾಗಲೂ ನಮ್ಮ ಕೈಗೆ ಪ್ರೀತಿಯೇ ಕಾಣುತ್ತದೆ.

ಮಳೆ ನಿಂತ ಮೇಲೆ ನಮ್ಮವರು ಯಾರಿಗೂ ಹೇಳದೆ ಎರಡನೆಯ ಮನೆ ಕೆತ್ತಿದರು. ಹಗಲೆಲ್ಲ ಅದನ್ನು ಮನೆಯ ಮಾಡಿನ ತಗಡಿನ ಮೇಲೆ ಬಿಸಿಲಿಗಿಡುವರು, ಇಬ್ಬನಿ ತಾಗದಂತೆ ಸಂಜೆಗೆ ಇಳಿಸುವರು. ನೀರಿನ ಕೊಡ ಪಕ್ಕದಲ್ಲೇ ಇದ್ದರೆ, ಬೆರಳು ತಾನಾಗಿ ಹೋದೀತೆಂದು ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಕೂರುವರು. ಜೀವಮಾನದಲ್ಲಿ ಅವರು ನೀರು ಹೊಡೆಯದೆ ಕಟ್ಟಿದ ಮನೆ ಅದೊಂದೇ. ಕೊನೆಗೆ ಮೊಮ್ಮಗಳ ಮುಂದಿಟ್ಟರು. ಅವಳು ಒಗೆದ ಬಟ್ಟೆಯ ಹಸಿ ನೋಡುವಂತೆ ಅದನ್ನು ಕೆನ್ನೆಗೆ ಒತ್ತಿಕೊಂಡು, ನನ್ನ ಕಡೆ ತಿರುಗಿ "ಒಣಗೈತಿ, ಆಯಿ" ಎಂದಳು. ಹೇಳಿದ್ದು ನನಗೆ, ಕೇಳಿಸಿಕೊಂಡದ್ದು ಅವರು.

ರಾಣಿ ಆ ಮನೆ ಸೇರಿದಳು. ಕುಡಿಯಲು ಮೂಲೆಯಲ್ಲಿ ಹತ್ತಿಯ ತುದಿಯಷ್ಟು ನೀರು, ತಿನ್ನಲು ಜೇನಿನ ಹನಿ. ಮೊದಲು ಇಟ್ಟ ಮೊಟ್ಟೆಗಳನ್ನು ತಾನೇ ತಿಂದುಬಿಟ್ಟಳು. ಮಗನನ್ನು ಕಳೆದುಕೊಂಡ ಕಣ್ಣಿಗೆ ಅದು ನೋಡುವಂಥದ್ದಲ್ಲ. ಚಳಿ ಹೋಗಿ, ತಗಡು ಕಾಯತೊಡಗಿದ ಮೇಲೆ ಮತ್ತೆ ಇಟ್ಟಳು, ಈ ಸಲ ತಿನ್ನಲಿಲ್ಲ, ಬಾಯಲ್ಲಿ ಹಿಡಿದು ಒಣ ಮೂಲೆಯಿಂದ ಒಣ ಮೂಲೆಗೆ ಹೊತ್ತು ತಿರುಗಿದಳು. ಮೊಟ್ಟೆ ಒಡೆದು ಮರಿಯಾದವು, ಇವತ್ತು ಬೆಳಿಗ್ಗೆ ಆ ಮರಿಗಳು ಇರುವೆಯಾಗಿ ಎದ್ದವು. ಮೊದಲು ಕಂಡದ್ದು ರೇಣುಕಾ. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ "ಮುತ್ಯಾ, ಬಾ ಇಲ್ಲಿ" ಎಂಬ ಮಾತು ಕೇಳಿತು.

ಸಂಜೆ ಲಕ್ಷ್ಮಿ ಹಪ್ಪಳದ ಕಾರ್ಖಾನೆಯಿಂದ ಬಂದವಳೇ ಕಾಲು ತೊಳೆದು ಗೋಧಿ ಹುಗ್ಗಿಗೆ ಇಟ್ಟಳು. "ಇರಿವಿ ತಂದೀನಿ, ಮಿಠಾಯಿ ನೀ ಮಾಡು ಅಂದಿದ್ರಲ್ಲ ಅವರು, ಅತ್ತಿ" ಎಂದು ಒಲೆಯ ಕಡೆಗೇ ಹೇಳಿದಳು. ನಾನು ಬೆಲ್ಲ ಜಜ್ಜುತ್ತ ಹೂಂ ಎಂದೆ. ರೇಣುಕಾ ತಾಟು ತಂದು ಮುತ್ಯಾನ ಮಗ್ಗುಲಲ್ಲಿ ಹಾಕಿಕೊಂಡಳು, ಗೂಡಿನಿಂದ ತಂಬಿಗೆ ತಂದು ಅವರ ಮುಂದಿಟ್ಟಳು. ಅವರ ಬೆರಳು ಹಳೆಯ ರೂಢಿಯಂತೆ ನೀರಲ್ಲಿ ಅದ್ದಿತು, ಗಾಜಿನ ಪೆಟ್ಟಿಗೆಯತ್ತ ಎದ್ದಿತು, ಅಲ್ಲೇ ನಿಂತಿತು. ಹುಡುಗಿ ಆ ಮುಂಗೈ ಹಿಡಿದು ಕೆಳಗಿಳಿಸಿದಳು.

"ಅವಕ್ಕ ಸಾಕಾಗೈತಿ ಮುತ್ಯಾ. ಈಗ ನೀ ಕುಡಿ."

ಅವರು ತಂಬಿಗೆ ಎತ್ತಿ ಒಂದೇ ಉಸಿರಿಗೆ ಕುಡಿದರು. ರೇಣುಕಾ ಎದ್ದು ಅದನ್ನು ತುಂಬಿಸಿ ತಂದಳು. ನಾಲ್ವರೂ ಹುಗ್ಗಿ ಉಂಡೆವು.